ಗಡಿಯಾಚೆಯ ಸ್ನೈಪರ್ ಕಾಯುವುದು ನಿಮ್ಮ ಮಗನ ದಿನಚರಿಯನ್ನು

ಪ್ರಶ್ನೆ: ನನ್ನ ಮಗ ಸೇನೆಯ ಪದಾತಿ ದಳದಲ್ಲಿದ್ದಾನೆ. ಕೆಲವು ತಿಂಗಳಿಂದ ಪೂಂಚ್ ಕಡೆ ಗಡಿ ನಿಯಂತ್ರಣ ರೇಖೆಯ ಪೋಸ್ಟ್ ಒಂದರಲ್ಲಿ ಅವನ ಡ್ಯೂಟಿ. ಪಾಕಿಸ್ತಾನದ ಸ್ನೈಪರ್‌ಗಳು ಮೂರು ಕಿಲೋಮೀಟರ್ ದೂರದಿಂದಲೇ ತಲೆಗೆ ಗುರಿಯಿಟ್ಟು ಹೊಡೆಯುತ್ತಾರೆ, ನಮ್ಮವರ ಕೈಯಲ್ಲಿ ಇನ್ನೂ 1963ರ ರಷ್ಯಾ ಬಂದೂಕೇ ಇದೆ ಎಂಬ ವಿಡಿಯೊ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿತ್ತು. ಅದನ್ನು ನೋಡಿದಾಗಿನಿಂದ ಅವನ ತಾಯಿಗೆ ನಿದ್ದೆ ಇಲ್ಲ. ಸೇನೆ ಕೊಡುವ ಜಾಕೆಟ್ ಗುಂಡು ತಡೆಯದಿದ್ದರೆ, ಸಾಲ ಮಾಡಿಯಾದರೂ ಒಳ್ಳೆಯದನ್ನು ಕೊಂಡು ಕಳುಹಿಸುತ್ತೇನೆ. ಜೊತೆಗೆ ಹುಟ್ಟುಹಬ್ಬಕ್ಕೆ ಒಂದು ಸ್ಮಾರ್ಟ್‌ವಾಚ್ ಕಳುಹಿಸಬೇಕೆಂದಿದ್ದೇವೆ. ಇದರ ನಡುವೆ ಅವನ ಹೆಸರನ್ನೇ ಸ್ನೈಪರ್ ಕೋರ್ಸ್‌ಗೆ ಕೊಟ್ಟಿದ್ದಾರಂತೆ. ಬೇಡ ಎನ್ನಲೇ? ಅವನನ್ನು ಕೇಳಿದರೆ ‘ಅಪ್ಪಾ, ನೀವು ಮೊದಲು ಟಿ.ವಿ. ನೋಡುವುದನ್ನು ನಿಲ್ಲಿಸಿ’ ಎಂದು ನಗುತ್ತಾನೆ. ದಯವಿಟ್ಟು ಹೆಸರು, ಊರು ಹಾಕಬೇಡಿ.
— ಒಬ್ಬ ನಿವೃತ್ತ ಶಿಕ್ಷಕ

ಉತ್ತರ: ನಿಮ್ಮ ಮಗನ ಮಾತು ಅರ್ಧ ಸರಿ. ಟಿ.ವಿ. ನಿಲ್ಲಿಸಿದರೆ ಮನೆಯಲ್ಲಿರುವ ಭಯದಲ್ಲಿ ಅರ್ಧ ಇಳಿಯುತ್ತದೆ. ಉಳಿದರ್ಧವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಗಡಿ ನಿಯಂತ್ರಣ ರೇಖೆಯಲ್ಲಿ ಸ್ನೈಪರ್ ಗುಂಡಿಗೆ ನಮ್ಮ ಯೋಧರು ಬಲಿಯಾಗಿದ್ದಾರೆ, ಆಚೆಯವರೂ ಆಗಿದ್ದಾರೆ. ಪದಾತಿ ದಳದಲ್ಲಿದ್ದು, ಕೊನೆಯ ವರ್ಷಗಳಲ್ಲಿ ಹುಡುಗರಿಗೆ ಗುರಿ ಹೊಡೆಯುವುದನ್ನು ಕಲಿಸಿದವನಾಗಿ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ. ಪೋಸ್ಟ್‌ಗಳ ಒಳಗಿನ ವ್ಯವಸ್ಥೆಯ ವಿವರ ಮಾತ್ರ ಇಲ್ಲಿ ಸಿಗುವುದಿಲ್ಲ, ಅದೇಕೆಂದು ನಿಮಗೆ ಹೇಳಬೇಕಾಗಿಲ್ಲ.

ಮೊದಲು ಮೂರು ಕಿಲೋಮೀಟರಿನ ಮಾತು. ಅಷ್ಟು ದೂರದ ಹೊಡೆತಗಳು ನಡೆದದ್ದುಂಟು. 2017ರಲ್ಲಿ ಇರಾಕಿನಲ್ಲಿ ಕೆನಡಾದ ಸ್ನೈಪರ್ ಒಬ್ಬ 3,540 ಮೀಟರ್ ದೂರದ ಗುರಿಗೆ ಹೊಡೆದ. 2023ರಲ್ಲಿ ಉಕ್ರೇನ್ ತನ್ನ ಸ್ನೈಪರ್ 3,800 ಮೀಟರಿನಿಂದ ಹೊಡೆದನೆಂದು ಹೇಳಿಕೊಂಡಿತು. ಇಂಥ ದೂರ ಕ್ರಮಿಸಲು ಗುಂಡಿಗೆ ಹತ್ತಿರಹತ್ತಿರ ಹತ್ತು ಸೆಕೆಂಡ್ ಬೇಕು. ಅಷ್ಟರಲ್ಲಿ ಮನುಷ್ಯ ಎದ್ದು, ಬಾಗಿಲು ದಾಟಿ, ಒಳಗೆ ಹೋಗಿ ಕುಳಿತಿರುತ್ತಾನೆ. ಇವು ಜಗತ್ತಿನ ಸುದ್ದಿಯಾದದ್ದೇ ಅಪರೂಪವಾದ್ದರಿಂದ. ಗಡಿಯ ದಿನನಿತ್ಯದ ಅಪಾಯವನ್ನು ಇವುಗಳಿಂದ ಅಳೆಯಬೇಡಿ.

ನಿಯಂತ್ರಣ ರೇಖೆಯಲ್ಲಿ ಅಷ್ಟು ದೂರದ ಅಗತ್ಯವೂ ಇಲ್ಲ. ಸುಮಾರು 740 ಕಿಲೋಮೀಟರ್ ಉದ್ದದ ಈ ರೇಖೆ 1949ರ ಕದನ ವಿರಾಮ ರೇಖೆಯಿಂದ ಬಂದದ್ದು. ಆಗ ಯಾವ ಗುಡ್ಡ ಯಾರ ಕೈಯಲ್ಲಿತ್ತೋ ಅಲ್ಲಿಗೆ ಗೆರೆ ಬಿತ್ತು. 1971ರ ಯುದ್ಧದ ನಂತರ ಅಲ್ಲಲ್ಲಿ ಬದಲಾಗಿ, 1972ರ ಶಿಮ್ಲಾ ಒಪ್ಪಂದದಲ್ಲಿ ಈಗಿನ ಹೆಸರು ಪಡೆಯಿತು. ಹಾಗಾಗಿ ಒಂದು ಕಡೆ ಎದುರು ಪೋಸ್ಟ್ ಕಣಿವೆಯಾಚೆ ಕಿಲೋಮೀಟರುಗಟ್ಟಲೆ ದೂರದಲ್ಲಿದ್ದರೆ, ಇನ್ನೊಂದು ಕಡೆ ಕೆಲವೇ ನೂರು ಮೀಟರಿನಲ್ಲಿ ಅವರ ಅಡುಗೆಯ ಹೊಗೆ ನಮಗೆ ಕಾಣುತ್ತದೆ, ನಮ್ಮದು ಅವರಿಗೆ. ಸ್ನೈಪಿಂಗ್ ಹೆಚ್ಚಾಗಿ ನಡೆಯುವುದು ಈ ಎರಡನೆಯ ತರಹದ ಜಾಗಗಳಲ್ಲಿ.

ಆ ದೂರದಲ್ಲೂ ಇದು ಸಿನಿಮಾದಲ್ಲಿ ತೋರಿಸುವಷ್ಟು ಸುಲಭವಲ್ಲ. ನೂರು ಮೀಟರಿಗೆ ಸರಿಹೊಂದಿಸಿದ ಸಾಮಾನ್ಯ 7.62 ಮಿ.ಮೀ. ರೈಫಲಿನ ಗುಂಡು 800 ಮೀಟರ್ ತಲುಪುವಷ್ಟರಲ್ಲಿ ಆರು ಮೀಟರಿಗಿಂತ ಹೆಚ್ಚು ಕೆಳಗೆ ಇಳಿದಿರುತ್ತದೆ. ಗಂಟೆಗೆ ಹತ್ತು ಕಿಲೋಮೀಟರಿನ ಅಡ್ಡಗಾಳಿ ಅದನ್ನು ಒಂದು ಮೀಟರಿನಷ್ಟು ಪಕ್ಕಕ್ಕೆ ತಳ್ಳುತ್ತದೆ. ಬೆಟ್ಟದಲ್ಲಿ ಲೆಕ್ಕ ಇನ್ನೂ ಜಟಿಲ. ಮೂರು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಕಾಲು ಭಾಗ ಕಡಿಮೆ, ನಾಲ್ಕು ಸಾವಿರದಲ್ಲಿ ಮೂರನೇ ಒಂದು ಭಾಗ ಕಡಿಮೆ. ತಡೆ ಕಡಿಮೆಯಾದಷ್ಟೂ ಗುಂಡು ನೇರವಾಗಿ ಹೋಗುತ್ತದೆ, ಮೈದಾನದಲ್ಲಿ ಹೊಂದಿಸಿ ತಂದ ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಇಲ್ಲಿ ಸುಳ್ಳು ಹೇಳುತ್ತದೆ. ಚಳಿ ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ: ಮದ್ದು ನಿಧಾನ ಉರಿಯುತ್ತದೆ, ಗುಂಡಿನ ವೇಗ ಇಳಿಯುತ್ತದೆ. ಮೇಲಿನಿಂದ ಕೆಳಗೆ ಹೊಡೆಯಲಿ, ಕೆಳಗಿನಿಂದ ಮೇಲೆ ಹೊಡೆಯಲಿ, ಎರಡರಲ್ಲೂ ಗುರಿಯನ್ನು ಸ್ವಲ್ಪ ಕೆಳಗೇ ಹಿಡಿಯಬೇಕು. ಗುರುತ್ವಕ್ಕೆ ಲೆಕ್ಕ ಓರೆ ದೂರದ್ದಲ್ಲ, ಅಡ್ಡಕ್ಕಿರುವ ದೂರದ್ದು. ಹೊಸಬರಿಗೆ ಇದು ತಲೆಗೆ ಹತ್ತಲು ಬಹಳ ದಿನ ಹಿಡಿಯುತ್ತದೆ. ಇನ್ನು ಗಾಳಿಯೋ, ಸ್ನೈಪರ್ ಕುಳಿತಲ್ಲಿ ಎಲೆ ಅಲುಗದಿದ್ದರೂ ನಡುವಿನ ಹಳ್ಳದಲ್ಲಿ ಒಂದು ದಿಕ್ಕಿಗೆ, ಎದುರಿನ ಏಣಿನಲ್ಲಿ ಇನ್ನೊಂದು ದಿಕ್ಕಿಗೆ ಬೀಸುತ್ತಿರುತ್ತದೆ. ಅದಕ್ಕೇ ಸ್ನೈಪರ್ ಒಬ್ಬನೇ ಇರುವುದಿಲ್ಲ. ಪಕ್ಕದಲ್ಲಿ ಸ್ಪಾಟರ್ ಇರುತ್ತಾನೆ. ದೂರ ಅಳೆಯುವುದು, ಗಾಳಿ ಓದುವುದು, ಗುಂಡು ಎಲ್ಲಿ ಬಿತ್ತೆಂದು ನೋಡಿ ಹೇಳುವುದು ಅವನ ಕೆಲಸ. ನನ್ನನ್ನು ಕೇಳಿದರೆ ಆ ಜೋಡಿಯಲ್ಲಿ ಹೆಚ್ಚು ಬೆಲೆಬಾಳುವವನು ಅವನೇ.

ಈಗ ಬಂದೂಕು. ವಿಡಿಯೊ ಹೇಳುವ ರಷ್ಯಾ ಬಂದೂಕಿನ ಹೆಸರು ಡ್ರಗುನೋವ್. ಅದು 1963ರಲ್ಲಿ ಸೋವಿಯತ್ ಸೇನೆಗೆ ಸೇರಿದ್ದು ನಿಜ. ನಮ್ಮಲ್ಲಿ ಅದು ತಿರುಚಿರಾಪಳ್ಳಿಯ ಕಾರ್ಖಾನೆಯಲ್ಲಿ ತಯಾರಾಗಿದೆ. ಆದರೆ ವರ್ಷ ನೋಡಿ ಬಂದೂಕನ್ನು ಬೈಯುವುದು ಸರಿಯಲ್ಲ. ತುಕಡಿಯ ಜೊತೆಗೇ ಸಾಗುವ ಒಬ್ಬ ಒಳ್ಳೆಯ ಗುರಿಕಾರ, ಉಳಿದವರ ರೈಫಲ್ ಕೈಗೂಡದ ದೂರಕ್ಕೆ, ಅಂದರೆ 800 ಮೀಟರ್ ಒಳಗೆ, ಬೇಗಬೇಗ ಹೊಡೆಯಲಿ ಎಂದು ಮಾಡಿದ ಆಯುಧ ಅದು. ಹತ್ತು ಗುಂಡಿನ ಮ್ಯಾಗಜೀನ್, ಪ್ರತಿ ಹೊಡೆತಕ್ಕೂ ಬೋಲ್ಟ್ ಎಳೆಯುವ ಗೋಜಿಲ್ಲ, ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್. ಆ ಕೆಲಸವನ್ನು ಅದು ಇಂದಿಗೂ ಮಾಡುತ್ತದೆ. ಕಿಲೋಮೀಟರಿಗೂ ಆಚೆ ಒಂದೇ ಗುಂಡಿನಲ್ಲಿ ಮುಗಿಸಬೇಕೆಂದಾಗ ಅದು ಸೋಲುತ್ತದೆ.

ಯಾಕೆಂದರೆ ನಿಖರತೆಯನ್ನು ನಾವು ಕೋನದ ‘ಮಿನಿಟ್’ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಲೆಕ್ಕದಲ್ಲಿ ಅಳೆಯುತ್ತೇವೆ. ಒಂದು ಮಿನಿಟಿನ ರೈಫಲ್ ಎಂದರೆ ನೂರು ಮೀಟರಿನಲ್ಲಿ ಗುಂಡುಗಳು ಸುಮಾರು 2.9 ಸೆಂಟಿಮೀಟರ್ ಅಗಲದೊಳಗೆ ಬೀಳುತ್ತವೆ ಎಂದರ್ಥ. 800 ಮೀಟರಿನಲ್ಲಿ ಅದು 23 ಸೆಂಟಿಮೀಟರ್ ಆಗುತ್ತದೆ. ಎರಡು ಮಿನಿಟಿನ ರೈಫಲ್ ಆದರೆ 46. ಹೊಡೆಯುವವನ ಕೈ ಕಲ್ಲಿನಂತಿದ್ದರೂ ಅಷ್ಟು ಹರಡು ಇದ್ದೇ ಇರುತ್ತದೆ. ಮನುಷ್ಯನ ತಲೆಯ ಅಗಲ ಸುಮಾರು 15 ಸೆಂಟಿಮೀಟರ್. ನಿಮಗೆ ಬಂದ ವಿಡಿಯೊದ ‘ತಲೆಗೆ ಗುರಿ’ ಎಂಬ ಮಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಗುಂಡಿನ ಗುಣಮಟ್ಟವೂ ಇಲ್ಲಿ ಸೇರುತ್ತದೆ. ಡ್ರಗುನೋವಿನ ಅಳತೆಯ ಗುಂಡನ್ನೇ ಮಷಿನ್‌ಗನ್ನಿಗೂ ಹಾಕುತ್ತಾರೆ, ಸ್ನೈಪರ್‌ಗೆಂದೇ ಮಾಡಿದ ಗುಂಡು ಬೇರೆ. ಮಷಿನ್‌ಗನ್ನಿನ ಗುಂಡು ಹಾಕಿ, ಗುರಿ ತಪ್ಪಿದಾಗ ರೈಫಲನ್ನು ದೂರುವವರನ್ನು ಬೇಕಾದಷ್ಟು ನೋಡಿದ್ದೇನೆ.

‘ಇನ್ನೂ ಅದೊಂದೇ ಇದೆ’ ಎನ್ನುವುದಂತೂ ಹಳೆಯ ಸುದ್ದಿ. 2019ರ ಆರಂಭದಲ್ಲಿ ಜಮ್ಮು-ಕಾಶ್ಮೀರದ ಗಡಿ ಕಾಯುವ ಉತ್ತರ ಕಮಾಂಡ್‌ಗೆ ಇಟಲಿಯ ಬೆರೆಟ್ಟಾ ಸಮೂಹದ ಸ್ಕಾರ್ಪಿಯೊ ಟಿಜಿಟಿ ಮತ್ತು ಅಮೆರಿಕದ ಬ್ಯಾರೆಟ್ ಎಂ95 ಬಂದವು. ಮೊದಲನೆಯದು .338 ಲಾಪುವಾ ಮ್ಯಾಗ್ನಮ್ ಗುಂಡಿನದು (ಅಂಗುಲದ ಅಳತೆ, ಸುಮಾರು 8.6 ಮಿ.ಮೀ.), ಕಿಲೋಮೀಟರಿನಾಚೆಗೂ ವೇಗ ಉಳಿಸಿಕೊಳ್ಳುತ್ತದೆ. ಎರಡನೆಯದು ಅರ್ಧ ಅಂಗುಲ ದಪ್ಪದ .50 ಗುಂಡಿನದು, ವಾಹನ, ಬಂಕರಿನ ಕಿಂಡಿ, ಉಪಕರಣಗಳನ್ನು ಹಾಳುಮಾಡಲು. ನಂತರ ಫಿನ್ಲೆಂಡಿನ ಸಾಕೊ ಟಿಆರ್‌ಜಿ-42 ಕೂಡ ಗಡಿ ಮುಟ್ಟಿತು. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿ .338ರಲ್ಲಿ ‘ಸೇಬರ್’ ಎಂಬ ರೈಫಲ್ ಮಾಡುತ್ತಿದೆ. ಆಚೆಯವರ ಬಳಿ ಆಸ್ಟ್ರಿಯಾದ ಸ್ಟೈರ್ ಎಸ್‌ಎಸ್‌ಜಿ 69, ಜರ್ಮನ್ ವಿನ್ಯಾಸದ ಮೇಲೆ ಅವರೇ ತಯಾರಿಸಿದ ಪಿಎಸ್‌ಆರ್-90 ಮೊದಲಾದವು ಇವೆ. ಹೆಸರಿಸಿದ ಇವೆರಡೂ ಒಳ್ಳೆಯ ಬಂದೂಕುಗಳೇ, ಆದರೆ ಸಾಮಾನ್ಯ 7.62ರವೇ. ಬಂದೂಕಿನ ವಿಷಯದಲ್ಲಿ ನಿಮ್ಮ ಮಗ ನಿಶ್ಶಸ್ತ್ರನಾಗಿ ನಿಂತಿಲ್ಲ.

ಇನ್ನೊಂದು ಗೊಂದಲ 2018ರಿಂದ ಉಳಿದುಕೊಂಡಿದೆ. ಆ ವರ್ಷ ಕಾಶ್ಮೀರ ಕಣಿವೆಯ ಒಳಗೆ ಭದ್ರತಾ ಪಡೆಗಳ ಮೇಲೆ ನಡೆದ ಕೆಲವು ದಾಳಿಗಳನ್ನು ಮಾಧ್ಯಮಗಳು ‘ಸ್ನೈಪರ್ ದಾಳಿ’ ಎಂದವು. ಅಲ್ಲಿ ಬಳಕೆಯಾದದ್ದು ರಾತ್ರಿ ನೋಡುವ ಸಾಧನ ಹಾಕಿದ ಎಂ4 ಕಾರ್ಬೈನ್ (ಗಿಡ್ಡ ರೈಫಲ್) ಎಂದು ವರದಿಯಾಯಿತು. ಎಂ4 ಸ್ನೈಪರ್ ಬಂದೂಕೇ ಅಲ್ಲ. ಹತ್ತಿರದಿಂದ ಹೊಂಚು ಹಾಕಿ ಹೊಡೆಯುವುದು ಬೇರೆ ಕಲೆ, ಬೇರೆ ಅಪಾಯ. 2019ರಲ್ಲಿ ಅಮರನಾಥ ಯಾತ್ರೆಯ ಮಾರ್ಗದಲ್ಲಿ ಸಿಕ್ಕಿದ ಎಂ24 ಮಾತ್ರ ನಿಜವಾದ ಸ್ನೈಪರ್ ರೈಫಲ್. ಟಿ.ವಿ.ಯಲ್ಲಿ ಎಲ್ಲವೂ ಒಂದೇ ಹೆಸರಿನಲ್ಲಿ ಬರುತ್ತದೆ.

ಇನ್ನು ಸ್ನೈಪಿಂಗ್ ಯಾವಾಗ ಹೆಚ್ಚುತ್ತದೆ ಎಂಬುದು. ಪೂರ್ಣ ಯುದ್ಧವೂ ಅಲ್ಲದ, ಪೂರ್ಣ ಶಾಂತಿಯೂ ಅಲ್ಲದ, ಎರಡೂ ಕಡೆಯವರು ಗುಂಡಿ ತೋಡಿ ಕುಳಿತ ಜಾಗದಲ್ಲಿ ಅದು ಬೆಳೆಯುತ್ತದೆ. ಫಿರಂಗಿ ಹಾರಿಸಿದರೆ ರಾಜಧಾನಿಗಳಿಗೆ ಸುದ್ದಿ ಮುಟ್ಟುತ್ತದೆ, ಉತ್ತರ ಕೊಡಬೇಕಾಗುತ್ತದೆ. ಒಂದು ಗುಂಡಿಗೆ ‘ನಾವಲ್ಲ’ ಎಂದುಬಿಡಬಹುದು. 2003ರ ನವೆಂಬರಿನ ಕದನ ವಿರಾಮ ಸವೆಯುತ್ತಾ ಹೋದಂತೆ ಇದು ಹೆಚ್ಚಿತು. ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲಿ ಕದನ ವಿರಾಮ ಉಲ್ಲಂಘನೆಗಳು 2018ರಲ್ಲಿ 2,140, 2019ರಲ್ಲಿ 3,479, 2020ರಲ್ಲಿ 5,133. ಇದರಲ್ಲಿ ಎಲ್ಲ ಬಗೆಯ ಗುಂಡಿನ ಚಕಮಕಿಯೂ ಸೇರಿದೆ. 2021ರ ಫೆಬ್ರುವರಿ 25ರಂದು ಎರಡೂ ಸೇನೆಗಳ ಕಾರ್ಯಾಚರಣೆ ಮಹಾ ನಿರ್ದೇಶಕರು ಜಂಟಿ ಹೇಳಿಕೆ ಕೊಟ್ಟ ಮೇಲೆ ರೇಖೆ ಬಹುಮಟ್ಟಿಗೆ ತಣ್ಣಗಾಯಿತು. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಮತ್ತೆ ಗುಂಡು ಹಾರಿದವು. ಮೇ 7ರಿಂದ 10ರವರೆಗಿನ ಸಂಘರ್ಷದಲ್ಲಿ ಪೂಂಚ್ ಪಟ್ಟಣದಲ್ಲಿ ಸಾವು ತಂದದ್ದು ಶೆಲ್‌ಗಳು, ಸ್ನೈಪರ್ ಅಲ್ಲ. ಆ ಭಾಗದಲ್ಲಿ ಒಬ್ಬ ಜವಾನನ ಅಪಾಯಗಳನ್ನು ಸಾಲಾಗಿ ಬರೆಯಲು ಹೇಳಿದರೆ ಶೆಲ್, ನೆಲಬಾಂಬ್, ಹಿಮಕುಸಿತ, ಕಡಿದಾದ ರಸ್ತೆಯಲ್ಲಿ ಉರುಳುವ ವಾಹನ, ಇವೆಲ್ಲವನ್ನೂ ನಾನು ಸ್ನೈಪರ್‌ಗಿಂತ ಮೇಲೆ ಬರೆಯುತ್ತೇನೆ. ಇದರಿಂದ ನಿಮಗೆ ಸಮಾಧಾನವಾಗುತ್ತದೆ ಎಂದು ಹೇಳುತ್ತಿಲ್ಲ, ಭಯದ ಅಳತೆ ಸರಿಯಾಗಲಿ ಎಂದಷ್ಟೇ.

ಹಾಗಾದರೆ ಸ್ನೈಪರ್‌ಗೆ ಸಿಕ್ಕಿಬೀಳುವವರು ಯಾರು? ಈ ಪತ್ರದಲ್ಲಿ ನಿಮಗೆ ತಲುಪಿಸಬೇಕೆಂದಿರುವ ಮುಖ್ಯ ಸಂಗತಿ ಇದು. ಸ್ನೈಪರ್ ತನ್ನ ಸಮಯದಲ್ಲಿ ಬಹುಪಾಲನ್ನು ಹೊಡೆಯುವುದರಲ್ಲಿ ಅಲ್ಲ, ನೋಡುವುದರಲ್ಲಿ ಕಳೆಯುತ್ತಾನೆ. ನೀರಿನ ಕ್ಯಾನ್ ತರಲು ಯಾರು, ಎಷ್ಟು ಗಂಟೆಗೆ, ಯಾವ ದಾರಿಯಲ್ಲಿ ಹೋಗುತ್ತಾರೆ? ಕಾವಲು ಬದಲಾಗುವಾಗ ಇಬ್ಬರೂ ಎಷ್ಟು ಹೊತ್ತು ನಿಂತು ಮಾತನಾಡುತ್ತಾರೆ? ಬಟ್ಟೆ ಒಣಹಾಕುವುದು ಎಲ್ಲಿ? ಮೊಬೈಲ್ ಸಿಗ್ನಲ್‌ಗಾಗಿ ಹತ್ತುವ ಬಂಡೆ ಯಾವುದು? ಬೇರೆಯವರು ಸುತ್ತ ನಿಂತು ಕೇಳಿಸಿಕೊಳ್ಳುವ, ಕೈ ತೋರಿಸಿ ಮಾತನಾಡುವ ವ್ಯಕ್ತಿ ಯಾರು? ಅವನೇ ಅಧಿಕಾರಿ ಇರಬೇಕು. ದಿನಗಟ್ಟಲೆ ಹೀಗೆ ಬರೆದುಕೊಂಡ ಮೇಲೆ ಬಂದೂಕಿನ ಕೆಲಸ ಸಣ್ಣದು. ಗುರಿ ಎಲ್ಲಿ, ಯಾವಾಗ ಬಂದು ನಿಲ್ಲುತ್ತದೆ ಎಂದು ಗೊತ್ತಿರುವವನಿಗೆ ಹಳೆಯ ಡ್ರಗುನೋವ್ ಕೂಡ ಸಾಕು. ಗೊತ್ತಿಲ್ಲದವನಿಗೆ ಬ್ಯಾರೆಟ್ ಕೊಟ್ಟರೂ ಕಣಿವೆ ನೋಡುತ್ತಾ ಕೂರಬೇಕು.

ಹೊಸದಾಗಿ ಬಂದ ಬೆಟಾಲಿಯನ್ ಮೊದಲ ವಾರಗಳಲ್ಲಿ ಬಹಳ ಎಚ್ಚರವಾಗಿರುತ್ತದೆ. ಕೆಲವು ತಿಂಗಳು ಏನೂ ಆಗದಿದ್ದಾಗ ಬೆನ್ನು ನೆಟ್ಟಗಾಗುತ್ತದೆ, ಬಾಗಿ ದಾಟಬೇಕಾದ ಜಾಗವನ್ನು ನಡೆದೇ ದಾಟುತ್ತಾರೆ. ನಿಮ್ಮ ಮಗ ಈಗ ಇರುವುದು ಆ ಹಂತದಲ್ಲಿ. ಅವನ ಹಿರಿಯರಿಗೆ ಇದು ಗೊತ್ತು. ಬೆಳಗಿನ ಜಾವ ಮತ್ತು ಮುಸ್ಸಂಜೆ ಎಲ್ಲರೂ ಆಯುಧ ಹಿಡಿದು ಸಿದ್ಧರಾಗುವ ‘ಸ್ಟ್ಯಾಂಡ್-ಟು’, ದಾರಿಗಳಿಗೆ ಕಟ್ಟುವ ಮರೆ, ಸಮಯವನ್ನು ಬೇಕೆಂದೇ ಏರುಪೇರು ಮಾಡುವುದು, ಇವೆಲ್ಲ ಅದಕ್ಕಾಗಿಯೇ. ಹವಾಲ್ದಾರರು ಬೈಯುವುದೂ ಅದಕ್ಕೇ. ಮಗ ಅವರ ಬಗ್ಗೆ ದೂರಿದರೆ ನೀವು ಹವಾಲ್ದಾರರ ಪಕ್ಷ ವಹಿಸಿ.

ಈಚೆಗೆ ತಂತ್ರಜ್ಞಾನ ಹೊಡೆಯುವವನನ್ನೂ ಬಿಟ್ಟಿಲ್ಲ. ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡು ಕಿವಿಯ ಬಳಿ ಚಟ್ ಎನ್ನುತ್ತದೆ, ಬಂದೂಕಿನ ಢಂ ಸದ್ದು ಆಮೇಲೆ ಬರುತ್ತದೆ. ಆ ಎರಡರ ನಡುವಿನ ಅಂತರದಿಂದ ದೂರ ಅಂದಾಜಿಸುವುದು ಹಳೆಯ ವಿದ್ಯೆ, ಈಗ ಅದನ್ನೇ ಯಂತ್ರ ಮಾಡುತ್ತದೆ. ಗೋಣಿನಾರು, ಎಲೆ ಹೊದ್ದುಕೊಂಡವನು ಬರಿಗಣ್ಣಿಗೆ ಕಾಣದಿದ್ದರೂ, ಮೈಶಾಖ ಹಿಡಿಯುವ ಥರ್ಮಲ್ ಕ್ಯಾಮೆರಾಕ್ಕೆ ಚಳಿಗಾಲದ ರಾತ್ರಿ ದೀಪದಂತೆ ಕಾಣುತ್ತಾನೆ. ಮೇಲೆ ಡ್ರೋನ್ ಬಂತು. ಒಂದು ಗುಂಡು ಹಾರಿಸಿ ಅದೇ ಜಾಗದಲ್ಲಿ ಕೂರುವ ಸ್ನೈಪರ್‌ಗೆ ಈಗ ಆಯಸ್ಸು ಕಡಿಮೆ.

ಜಾಕೆಟ್ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಸಾಲ ಮಾಡಬೇಡಿ. 2018ರಲ್ಲಿ ಸೇನೆ 1.86 ಲಕ್ಷ ಜಾಕೆಟ್‌ಗಳಿಗೆ 639 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಉಕ್ಕಿನ ತಿರುಳಿನ ಗುಂಡನ್ನು ತಡೆಯುವ ಗಡಸು ಫಲಕಗಳಿರುವ ಜಾಕೆಟ್‌ಗಳು ಅವು. 2024ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಕಾನ್ಪುರ ಪ್ರಯೋಗಾಲಯ ಇನ್ನೂ ಹಗುರವಾದ ಫಲಕವೊಂದನ್ನು ಪ್ರಕಟಿಸಿತು. ಅದರ ಪರೀಕ್ಷೆಯಲ್ಲಿ ಬಳಸಿದ್ದು ಡ್ರಗುನೋವಿನ ಅಳತೆಯದೇ 7.62 ಗುಂಡು, ಅದೂ ಉಕ್ಕು ಸೀಳುವ ಬಗೆಯದು, ಆರು ಹೊಡೆತ. ಆದರೆ ಫಲಕ ಮುಚ್ಚುವುದು ಎದೆಯನ್ನು ಮತ್ತು ಬೆನ್ನನ್ನು. ಕುತ್ತಿಗೆ, ತೋಳು, ತೊಡೆ ಹೊರಗೇ ಇರುತ್ತವೆ. ಹೆಲ್ಮೆಟ್ ಮಾಡಿರುವುದೇ ಚೂರುಗಳನ್ನು ಮತ್ತು ಪಿಸ್ತೂಲಿನ ಗುಂಡನ್ನು ತಡೆಯಲು. ಹತ್ತಿರದಿಂದ ನೇರವಾಗಿ ಬಂದ ರೈಫಲ್ ಗುಂಡಿಗೆ ಅದು ಉತ್ತರವಲ್ಲ. .338 ಅಥವಾ .50 ಗುಂಡನ್ನು ಎದೆಯ ಮೇಲೆ ತಡೆದುಕೊಳ್ಳುವ ಫಲಕ ಮಾಡಿದರೆ ಅದನ್ನು ಹೊತ್ತು ಬೆಟ್ಟ ಹತ್ತಲಾಗುವುದಿಲ್ಲ.

ಅಂತರ್ಜಾಲದಲ್ಲಿ ‘ಮಿಲಿಟರಿ ದರ್ಜೆ’ ಎಂದು ಮಾರುವ ಜಾಕೆಟ್‌ಗಳಲ್ಲಿ ಯಾವ ಫಲಕವಿದೆ, ಅದನ್ನು ಯಾರು ಪರೀಕ್ಷಿಸಿದರು ಎಂದು ತಿಳಿಯುವ ದಾರಿ ನಿಮಗಿಲ್ಲ. ಸೆರಾಮಿಕ್ ಫಲಕ ಸಾಗಣೆಯಲ್ಲಿ ಬಿದ್ದು ಒಳಗೆ ಬಿರುಕು ಬಿಟ್ಟಿದ್ದರೂ ಹೊರಗೆ ಕಾಣುವುದಿಲ್ಲ. ಭಾರತೀಯ ಮಾನಕ ಐಎಸ್ 17051 ಎಂಬ ಸಂಖ್ಯೆ ಲೇಬಲ್ ಮೇಲೆ ಮುದ್ರಿಸಿದ ಮಾತ್ರಕ್ಕೆ ಅದು ಆ ಪರೀಕ್ಷೆ ಗೆದ್ದಿದೆ ಎಂದಲ್ಲ. ಹಾಕಿಕೊಂಡರೆ ಸುಳ್ಳು ಧೈರ್ಯ, ಹಾಕಿಕೊಳ್ಳದಿದ್ದರೆ ನಿಮ್ಮ ಹಣ ಮಣ್ಣು. ಅವನ ತುಕಡಿ ಅದನ್ನು ಹಾಕಲು ಬಿಡುವುದೂ ಅನುಮಾನ. ಏನಾದರೂ ಕಳುಹಿಸಲೇಬೇಕೆಂದಿದ್ದರೆ ಒಳ್ಳೆಯ ಉಣ್ಣೆಯ ಕಾಲುಚೀಲ ಕಳುಹಿಸಿ. ಪಾದ ಬೆಚ್ಚಗಿರುವವನು ಅಲುಗಾಡದೆ ಕೂರುತ್ತಾನೆ, ಅಲುಗಾಡದವನು ಕಾಣುವುದಿಲ್ಲ.

ಸ್ಮಾರ್ಟ್‌ವಾಚ್ ಮಾತ್ರ ಬೇಡವೇ ಬೇಡ. 2017ರ ನವೆಂಬರಿನಲ್ಲಿ ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ಪ್ರಕಟಿಸಿದ ನಕ್ಷೆಯಲ್ಲಿ ಹಲವು ದೇಶಗಳ ಸೈನಿಕರು ಓಡಾಡುವ ದಾರಿಗಳೇ ಬೆಳಗಿ, ಗುಟ್ಟಾಗಿದ್ದ ಶಿಬಿರಗಳ ಆಕಾರ 2018ರ ಜನವರಿಯಲ್ಲಿ ಜಗತ್ತಿಗೆ ಕಂಡಿತು. ಎದುರು ಬೆಟ್ಟದಲ್ಲಿ ಕುಳಿತವನು ವಾರಗಟ್ಟಲೆ ನೋಡಿ ಬರೆದುಕೊಳ್ಳುವ ದಿನಚರಿಯನ್ನು ಅಂಥ ವಾಚ್ ತಾನೇ ಬರೆದಿಡುತ್ತದೆ. 2020ರ ಜುಲೈಯಲ್ಲಿ ನಮ್ಮ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ಮೊಬೈಲಿನಿಂದ ತೆಗೆಯಲು ಹೇಳಿದ್ದರ ಹಿಂದೆ ಇಂಥದೇ ಆತಂಕವಿತ್ತು.

ಮನೆಯಿಂದ ನೀವು ಮಾಡಬಹುದಾದದ್ದು ಫೋನಿನ ವಿಷಯದಲ್ಲಿದೆ. ದಿನಾ ಇಷ್ಟೇ ಗಂಟೆಗೆ ಕರೆ ಮಾಡಬೇಕೆಂದು ಹಟ ಹಿಡಿಯಬೇಡಿ. ಮೂರು ದಿನ ಕರೆ ಬರದಿದ್ದರೂ ಪರವಾಗಿಲ್ಲ ಎಂದು ನೀವೇ ಅವನಿಗೆ ಹೇಳಿ, ಅವನ ತಾಯಿಯೂ ಹೇಳಲಿ. ‘ವಿಡಿಯೊ ಕಾಲ್ ಮಾಡು, ಮುಖ ತೋರಿಸು’ ಎಂದು ಮನೆಯವರು ಒತ್ತಾಯಿಸಿದಾಗ ಹುಡುಗ ಸಿಗ್ನಲ್ ಹುಡುಕಿಕೊಂಡು ಬಯಲಿಗೆ ಬರುತ್ತಾನೆ. ಕತ್ತಲಲ್ಲಿ ಮೊಬೈಲಿನ ಬೆಳಕು ಮುಖದ ಮೇಲೆ ಬಿದ್ದರೆ ಹೇಗಿರುತ್ತದೆಂದು ನಿಮ್ಮ ಅಂಗಳದಲ್ಲೇ ಒಮ್ಮೆ ನೋಡಿ. ಅವನು ಕಳುಹಿಸಿದ ಫೋಟೊವನ್ನು ಹಿಂದಿರುವ ಗುಡ್ಡದ ಸಮೇತ ಕುಟುಂಬದ ಗುಂಪಿಗೆ ಹಾಕಬೇಡಿ. ಆ ವಿಡಿಯೊ ಕಳುಹಿಸಿದ ನೆಂಟರೂ ಅದೇ ಗುಂಪಿನಲ್ಲಿದ್ದಾರೆ, ಅವರು ಇನ್ನೆಲ್ಲಿಗೆ ಕಳುಹಿಸುತ್ತಾರೋ ನಿಮಗೆ ಗೊತ್ತಿಲ್ಲ.

ಕೊನೆಯದು ಕೋರ್ಸ್. ಬೇಡ ಎನ್ನಬೇಡಿ. ಹೋಗು ಎಂದು ಒತ್ತಾಯಿಸಲೂಬೇಡಿ. ಅಪಾಯವಿಲ್ಲ ಎಂದು ನಾನು ಹೇಳುವುದಿಲ್ಲ. ಶತ್ರು ಮೊದಲು ಹುಡುಕುವುದೇ ಸ್ನೈಪರ್‌ನನ್ನು, ಸ್ನೈಪರ್‌ಗೆ ಸ್ನೈಪರ್‌ನನ್ನೇ ಬಿಡುತ್ತಾರೆ. ಗಂಟೆಗಟ್ಟಲೆ ಹಿಮದ ಮೇಲೆ ಮಲಗುವ ಕೆಲಸ ಬೆನ್ನು, ಮಂಡಿಗಳನ್ನು ಬೇಗ ಸವೆಸುತ್ತದೆ. ಲಾಭವೂ ಅಷ್ಟೇ ನಿಜ. ತನ್ನ ಪೋಸ್ಟನ್ನು ಎದುರಿನವನ ಕಣ್ಣಿನಿಂದ ನೋಡಲು ಕಲಿತವನು ತಾನೂ ಉಳಿಯುತ್ತಾನೆ, ತನ್ನ ತುಕಡಿಯನ್ನೂ ಉಳಿಸುತ್ತಾನೆ. 2024ರಲ್ಲಿ ಗಡಿ ಭದ್ರತಾ ಪಡೆಯ ಮೊದಲ ಮಹಿಳಾ ಸ್ನೈಪರ್ ಆದ ಸುಮನ್ ಕುಮಾರಿ, ಪಂಜಾಬಿನಲ್ಲಿ ತುಕಡಿ ಮುನ್ನಡೆಸುವಾಗ ಗಡಿಯಾಚೆಯ ಸ್ನೈಪರ್ ಅಪಾಯವನ್ನು ಕಂಡೇ ಇಂದೋರಿನ ಎಂಟು ವಾರಗಳ ಕೋರ್ಸ್‌ಗೆ ತಾವಾಗಿ ಹೆಸರು ಕೊಟ್ಟರೆಂದು ವರದಿಯಾಗಿತ್ತು. ಸೇನೆಯವರು ಇದನ್ನು ಕಲಿಸುವುದು ಮ್ಹೌನ ಪದಾತಿ ಶಾಲೆಯಲ್ಲಿ. ಅಲ್ಲಿ ಗುರಿ ಚೆನ್ನಾಗಿದ್ದವರೂ ಕೆಲವೊಮ್ಮೆ ಹಿಂದಿರುಗುತ್ತಾರೆ. ಅವರನ್ನು ಸೋಲಿಸುವುದು ಕಣ್ಣು ಅಲ್ಲ, ಕಾಯುವ ತಾಳ್ಮೆ.

ಮರೆಯಲ್ಲಿದ್ದು ಹೊಡೆಯುವುದು ಅಧರ್ಮವಲ್ಲವೇ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿದ್ದರೆ: ಎದುರಾಳಿ ಸೈನಿಕನ ಮೇಲೆ ಸ್ನೈಪರ್ ಬಳಸುವುದನ್ನು ಯುದ್ಧದ ಕಾನೂನು ನಿಷೇಧಿಸಿಲ್ಲ. ನಿಷೇಧವಿರುವುದು ನಾಗರಿಕರ ಮೇಲೆ, ಶರಣಾದವರ ಮೇಲೆ ಹೊಡೆಯುವುದಕ್ಕೆ, ಮೈಯೊಳಗೆ ಅರಳುವ ಗುಂಡು ಬಳಸುವುದಕ್ಕೆ. ಕಾನೂನು ಒಪ್ಪಿದರೂ ಮನಸ್ಸಿಗೆ ಭಾರ ಇದ್ದೇ ಇರುತ್ತದೆ. ಬೇರೆ ಸೈನಿಕರು ಪೊದೆಯ ಕಡೆಗೆ ಹೊಡೆಯುತ್ತಾರೆ, ಸ್ನೈಪರ್ ಮಾತ್ರ ಹೊಡೆಯುವ ಮೊದಲು ಆ ಮನುಷ್ಯ ಚಹಾ ಕುಡಿದದ್ದನ್ನು, ನಕ್ಕದ್ದನ್ನು ನೋಡಿರುತ್ತಾನೆ. ಮಗ ಕೋರ್ಸ್ ಮುಗಿಸಿ, ಗಡಿಯಲ್ಲಿ ಒಂದಷ್ಟು ಕಾಲ ಕಳೆದು ರಜೆಗೆ ಬಂದಾಗ ನಿದ್ದೆ ಕೆಟ್ಟಿದ್ದರೆ, ಸಿಡುಕು ಹೆಚ್ಚಿದ್ದರೆ ಬೆಟಾಲಿಯನ್ನಿನ ವೈದ್ಯಾಧಿಕಾರಿಯ ಬಳಿ ಹೋಗಲು ಹೇಳಿ. ಅದಕ್ಕೆ ನಾಚಿಕೆಪಡಬೇಕಾಗಿಲ್ಲ. ‘ಎಷ್ಟು ಜನರನ್ನು ಹೊಡೆದೆ?’ ಎಂದು ಯಾವ ನೆಂಟರೂ ಅವನನ್ನು ಕೇಳದಂತೆ ನೋಡಿಕೊಳ್ಳಿ.